ಎರಡು ಸಲ ಹೋಲಿಸುವ ಇಂಗ್ಲಿಷ್

ಇಂಗ್ಲಿಷ್ ವ್ಯಾಕರಣದಲ್ಲಿ ‘ಡಬಲ್ ಕಂಪ್ಯಾರಟಿವ್’ ಎಂಬ ಒಂದೇ ಹೆಸರನ್ನು ಎರಡು ಬೇರೆ ಬೇರೆ ಸಂಗತಿಗಳಿಗೆ ಇಟ್ಟಿದ್ದಾರೆ. ಒಂದು, ‘ಮೋರ್ ಬೆಟರ್’, ‘ಮೋರ್ ಈಸಿಯರ್’ ಎಂದು ಹೋಲಿಕೆಯ ಗುರುತನ್ನು ಒಂದೇ ಪದಕ್ಕೆ ಎರಡು ಸಲ ಹಚ್ಚುವುದು; ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕಳೆಯುತ್ತಾರೆ. ಇನ್ನೊಂದು, ‘ದಿ ಸೂನರ್, ದಿ ಬೆಟರ್’ ಎಂಬಂತೆ ಎರಡು ಹೋಲಿಕೆಗಳನ್ನು ಜೋಡಿಸಿ, ಒಂದು ಏರಿದ ಹಾಗೆ ಇನ್ನೊಂದು ಏರುತ್ತದೆ ಅಥವಾ ಇಳಿಯುತ್ತದೆ ಎಂದು ಹೇಳುವುದು. ಇದನ್ನು ಸರಿಯಾಗಿ ಬರೆದವರಿಗೆ ಅಂಕ ಸಿಗುತ್ತದೆ. ಹೆಸರು ಒಂದೇ ಆದದ್ದರಿಂದ ಕಲಿಯುವವರಿಗೆ ಗೊಂದಲವಾಗುತ್ತದೆ. ಕಲಿಸುವವರು ಮೊದಲನೆಯದಕ್ಕೆ ಗದರಿಸಿ, ಎರಡನೆಯದನ್ನು ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಕಾರವಾರದಲ್ಲಿ ಬ್ಯಾಂಕು ಮತ್ತು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಸಿದ್ಧರಾಗುವ ಹುಡುಗ ಹುಡುಗಿಯರಿಗೆ ಸಂಜೆಯ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುವ ನನಗೆ, ಈ ಎರಡರ ಬಗ್ಗೆಯೂ ಸಾವಧಾನವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲನೆಯದನ್ನು ಬರೆಯುವವರು ದಡ್ಡರಲ್ಲ, ಎರಡನೆಯದು ಕನ್ನಡ ಬಲ್ಲವರಿಗೆ ಆಗಲೇ ಗೊತ್ತಿರುವ ಸಂಗತಿ.

ತರಗತಿಗೆ ಮಾಜಾಳಿ, ಸದಾಶಿವಗಡ, ಚೆಂಡಿಯಾ ಕಡೆಯಿಂದ ಬರುವ ಅನೇಕರ ಮನೆಮಾತು ಕೊಂಕಣಿ. ಅಂಕೋಲೆಯ ಕಡೆಯವರದು ಕನ್ನಡ. ಘಟ್ಟದ ಮೇಲಿನ ಶಿರಸಿಯಿಂದ ಬಂದು ಇಲ್ಲಿ ಕೋಣೆ ಹಿಡಿದು ಓದುವವರದು ಇನ್ನೊಂದು ಬಗೆಯ ಕನ್ನಡ. ಈ ಮೂವರಲ್ಲಿ ಯಾರೇ ಆಗಲಿ ಮೊದಲ ತಿಂಗಳು ‘ದಿಸ್ ಈಸ್ ಮೋರ್ ಬೆಟರ್’ ಎಂದು ಬರೆಯದೆ ಇರುವುದು ಅಪರೂಪ. ಕಾರಣ ಸರಳವಾಗಿದೆ. ‘ಅದ್ಕಿಂತ ಇದು ಚೊಲೋ’ ಎಂದು ಶಿರಸಿಯವನು ಹೇಳಿದಾಗ, ಹೋಲಿಕೆಯ ಭಾರವನ್ನೆಲ್ಲ ‘ಕಿಂತ’ ಹೊತ್ತಿರುತ್ತದೆ. ‘ಚೊಲೋ’ ಎಂಬುದು ಎಲ್ಲಿಯೂ ಬದಲಾಗದೆ ಇದ್ದ ಹಾಗೆಯೇ ಇರುತ್ತದೆ. ಕನ್ನಡದಲ್ಲಿ ದೊಡ್ಡದು ಎಂದೆಂದಿಗೂ ದೊಡ್ಡದೇ; ಅದರ ಪಕ್ಕದಲ್ಲಿ ಯಾವುದನ್ನು ನಿಲ್ಲಿಸುತ್ತೇವೆಯೋ ಆ ವಸ್ತುವಿನ ಹೆಸರಿಗೆ ‘ಗಿಂತ’ ಸೇರಿಸಿದರೆ ಕೆಲಸ ಮುಗಿಯಿತು. ಕೊಂಕಣಿಯ ಗುಣವಾಚಕ ಲಿಂಗ ವಚನಗಳಿಗೆ ತಕ್ಕ ಹಾಗೆ ರೂಪ ಬದಲಿಸುತ್ತದಾದರೂ ಹೋಲಿಕೆಗೋಸ್ಕರ ಬದಲಿಸುವುದಿಲ್ಲ. ಅಲ್ಲಿಯೂ ಗುರುತು ಬೀಳುವುದು ಹೋಲಿಸಲ್ಪಡುವ ನಾಮಪದದ ಮೇಲೆಯೇ. ಹೀಗಿರುವಾಗ, ಗುಣವಾಚಕದ ಬಾಲಕ್ಕೇ ‘ಅರ್’ ಅಂಟಿಸಿ ಹೋಲಿಕೆ ಮಾಡುವ ಪದ್ಧತಿ ಈ ಮಕ್ಕಳ ಕಿವಿಗೆ ಹೋಲಿಕೆಯೆಂದು ಕೇಳಿಸುವುದೇ ಇಲ್ಲ.

ಇದರ ಮೇಲೆ ಇನ್ನೊಂದು ಸಂಗತಿಯಿದೆ. ‘ಬೆಟರ್’ ಎಂಬ ಪದ ಇಂಗ್ಲಿಷ್ ತರಗತಿಗೆ ಬರುವ ಮೊದಲೇ ಅವರ ಕನ್ನಡಕ್ಕೆ ಬಂದುಬಿಟ್ಟಿರುತ್ತದೆ. ‘ಬಸ್ಸಿಗಿಂತ ರೈಲು ಬೆಟರ್’, ‘ಜ್ವರ ಈಗ ಬೆಟರ್’, ‘ಇದು ಇನ್ನೂ ಬೆಟರ್’ ಎಂದು ಮನೆಯಲ್ಲಿ, ಪೇಟೆಯಲ್ಲಿ, ದವಾಖಾನೆಯಲ್ಲಿ ಎಲ್ಲರೂ ಆಡುತ್ತಾರೆ. ಆ ಕನ್ನಡದಲ್ಲಿ ‘ಬೆಟರ್’ ಎಂದರೆ ಬರಿಯ ‘ಒಳ್ಳೆಯದು’. ಅದರೊಳಗೆ ಹೋಲಿಕೆ ಇದೆಯೆಂಬ ನೆನಪು ಉಳಿದಿಲ್ಲ. ‘ಗುಡ್’ ಎಂಬುದಕ್ಕೂ ‘ಬೆಟರ್’ ಎಂಬುದಕ್ಕೂ ರೂಪದಲ್ಲಿ ಯಾವ ನಂಟೂ ಕಾಣದ ಕಾರಣ, ನೆನಪು ಮರಳಿ ಬರುವ ದಾರಿಯೂ ಇಲ್ಲ. ಹಾಗಾಗಿ ‘ಇನ್ನೂ ಬೆಟರ್’ ಎಂಬುದನ್ನು ಇಂಗ್ಲಿಷಿಗೆ ತಂದಾಗ ‘ಮೋರ್ ಬೆಟರ್’ ಆಗುವುದು ತೀರ ಸಹಜ. ಗುರುತು ಕಾಣದ ಕಡೆ ಗುರುತು ಹಾಕುವುದು ಮನುಷ್ಯಸ್ವಭಾವ. ಜೂನ್ ಮತ್ತು ಜುಲೈ ತಿಂಗಳಲ್ಲಿ ಮೀನುಗಾರಿಕೆ ನಿಂತಾಗ, ಉಪ್ಪುನೀರಿಗೆ ಮಾಸಿದ ನೋಂದಣಿ ಸಂಖ್ಯೆಯನ್ನು ದೋಣಿಯ ಮೈಮೇಲೆ ಮತ್ತೆ ಬಣ್ಣದಲ್ಲಿ ಬರೆಸುವ ಹಾಗೆ.

ಇಂಗ್ಲಿಷರೂ ಇದನ್ನೇ ಮಾಡಿಕೊಂಡು ಬಂದಿದ್ದಾರೆ ಎಂಬುದು ನಮ್ಮ ಶಾಲೆಯ ವ್ಯಾಕರಣಗಳಲ್ಲಿ ಕಾಣಸಿಗದ ವಿಷಯ. ಹಳೆಯ ಇಂಗ್ಲಿಷಿನಲ್ಲಿ ಹೋಲಿಕೆಗೆ ಪ್ರತ್ಯಯವೇ ದಾರಿಯಾಗಿತ್ತು. ಮಧ್ಯಕಾಲದಲ್ಲಿ ‘ಮೋರ್’ ಮತ್ತು ‘ಮೋಸ್ಟ್’ ಸೇರಿಸುವ ಪದ್ಧತಿ ಬೆಳೆಯಿತು. ಹೊಸ ದಾರಿ ತೆರೆದ ಮಾತ್ರಕ್ಕೆ ಹಳೆಯ ದಾರಿ ಮುಚ್ಚಲಿಲ್ಲ. ಜನ ಎರಡರಲ್ಲಿಯೂ ನಡೆದರು, ಬೇಕೆನಿಸಿದಾಗ ಎರಡನ್ನೂ ಒಟ್ಟಿಗೆ ಬಳಸಿದರು. ಷೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ ಆಂಟನಿ, ಸೀಸರನ ಮೈಮೇಲೆ ಬ್ರೂಟಸ್ ಮಾಡಿದ ಗಾಯವನ್ನು ಜನರಿಗೆ ತೋರಿಸುತ್ತ ‘ದಿ ಮೋಸ್ಟ್ ಅನ್‌ಕೈಂಡೆಸ್ಟ್ ಕಟ್ ಆಫ್ ಆಲ್’ ಎನ್ನುತ್ತಾನೆ. ಆ ಮಾತಿನಲ್ಲಿ ‘ಮೋಸ್ಟ್’ ಕೂಡ ಇದೆ, ‘ಎಸ್ಟ್’ ಕೂಡ ಇದೆ. ಒಂದನ್ನು ತೆಗೆದು ಓದಿ ನೋಡಿದರೆ ಆ ಗಾಯದ ಆಳವೇ ಕಡಿಮೆಯಾದಂತೆ ತೋರುತ್ತದೆ. ಅದೇ ಕವಿಯ ದಿ ಟೆಂಪೆಸ್ಟ್ ನಾಟಕದಲ್ಲಿ ಪ್ರಾಸ್ಪೆರೊ ಮಗಳೊಂದಿಗೆ ಮಾತನಾಡುವಾಗ ಸಾಕ್ಷಾತ್ ‘ಮೋರ್ ಬೆಟರ್’ ಎಂಬ ಪ್ರಯೋಗವೇ ಬರುತ್ತದೆ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಪೌಲನು ತಾನು ‘ಮೋಸ್ಟ್ ಸ್ಟ್ರೇಟೆಸ್ಟ್’ ಪಂಥದವನಾಗಿ, ಅಂದರೆ ಅತಿ ಕಟ್ಟುನಿಟ್ಟಿನ ಪಂಥದವನಾಗಿ ಬದುಕಿದೆ ಎನ್ನುತ್ತಾನೆ.

ಈ ಪ್ರಯೋಗಗಳು ಕಣ್ತಪ್ಪಿ ಉಳಿದವೆಂದು ಹೇಳುವಂತಿಲ್ಲ. ಷೇಕ್ಸ್‌ಪಿಯರ್‌ನ ಸಮಕಾಲೀನ ನಾಟಕಕಾರ ಬೆನ್ ಜಾನ್ಸನ್ ಒಂದು ಇಂಗ್ಲಿಷ್ ವ್ಯಾಕರಣ ಬರೆದಿದ್ದ. ಅವನು ತೀರಿಕೊಂಡ ಮೇಲೆ, 1640ರಲ್ಲಿ, ಅದು ಅಚ್ಚಾಯಿತು. ಅದರಲ್ಲಿ ಅವನು ಈ ಇಮ್ಮಡಿ ಗುರುತನ್ನು ಇಂಗ್ಲಿಷಿನ ಒಂದು ಸೊಗಸೆಂದು ಹೊಗಳುತ್ತಾನೆ: ಮಾತಿಗೆ ಒತ್ತು ಮತ್ತು ಆವೇಶ ಬರಲೆಂದು ಪ್ರಾಚೀನ ಗ್ರೀಕರು ಹೀಗೆ ಹೇಳುತ್ತಿದ್ದರು, ನಾವೂ ಅವರನ್ನು ಅನುಸರಿಸುತ್ತೇವೆ ಎಂದು ಅವನ ವಾದ. ಹೀಗೆ ಹೊಗಳುವ ವಾಕ್ಯದಲ್ಲಿಯೇ ಅವನು ಆ ಗ್ರೀಕರನ್ನು ‘ಮೋಸ್ಟ್ ಏನ್ಶೆಂಟೆಸ್ಟ್’ ಎಂದು ಕರೆದಿದ್ದಾನೆ. ಲಕ್ಷಣವನ್ನೂ ಲಕ್ಷ್ಯವನ್ನೂ, ಅಂದರೆ ನಿಯಮವನ್ನೂ ಅದರ ಉದಾಹರಣೆಯನ್ನೂ, ಒಂದೇ ವಾಕ್ಯದಲ್ಲಿ ಕೊಟ್ಟ ವೈಯಾಕರಣರು ವಿರಳ.

ಒಂದು ಶತಮಾನ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ಹದಿನೆಂಟನೆಯ ಶತಮಾನದ ವಿದ್ವಾಂಸರಿಗೆ ಭಾಷೆಯಲ್ಲಿ ಒಂದು ಅರ್ಥಕ್ಕೆ ಒಂದೇ ಗುರುತು ಸಾಕು ಎಂಬ ತರ್ಕ ಪ್ರಿಯವಾಗಿತ್ತು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ‘ಲೆಸ್ಸರ್’ ಎಂಬ ಪದವನ್ನು, ತಾನೇ ಹೋಲಿಕೆಯ ರೂಪವಾದ ‘ಲೆಸ್’ ಅನ್ನು ‘ಅರ್’ ಹಚ್ಚುವ ಅಭ್ಯಾಸದಿಂದ ಸಾಮಾನ್ಯ ಜನ ಕೆಡಿಸಿದ ಅನಾಗರಿಕ ರೂಪವೆಂದು ಜರೆದ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಬರೆದ ಚಿಕ್ಕ ವ್ಯಾಕರಣವು ಇಮ್ಮಡಿ ಹೋಲಿಕೆಯನ್ನು ಅನುಚಿತವೆಂದು ಸಾರಿತು. ಲೌತನು ಒಂದೇ ಒಂದು ವಿನಾಯಿತಿ ಕೊಟ್ಟ: ಹಳೆಯ ಕೀರ್ತನೆಗಳ ಅನುವಾದದಲ್ಲಿ ದೇವರನ್ನು ‘ಮೋಸ್ಟ್ ಹೈಯೆಸ್ಟ್’ ಎಂದು ಕರೆದಿರುವುದು, ಅತ್ಯುನ್ನತಕ್ಕಿಂತಲೂ ಉನ್ನತನಾದ ಪರಮಾತ್ಮನ ವಿಷಯದಲ್ಲಿ ಒಪ್ಪುತ್ತದೆ ಎಂದ. ಪಾದ್ರಿಯು ವೈಯಾಕರಣನಾದರೂ ದೇವರ ಎದುರು ನಿಯಮ ಬಾಗಿಸುವುದನ್ನು ಮರೆಯಲಿಲ್ಲ. 1795ರಲ್ಲಿ ಬಂದ ಲಿಂಡ್ಲಿ ಮರ್ರೆಯ ವ್ಯಾಕರಣವು ಇದೇ ತೀರ್ಪನ್ನು ಶಾಲೆಗಳಿಗೆ ಮುಟ್ಟಿಸಿತು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರುವ ಹೊತ್ತಿಗೆ ಲೌತನ ಪುಸ್ತಕಕ್ಕೆ ನೂರು ತುಂಬಿತ್ತು. ಅಂದರೆ ಇಲ್ಲಿನ ಶಾಲೆಗಳಿಗೆ ಇಂಗ್ಲಿಷ್ ಬಂದಾಗ ವ್ಯಾಜ್ಯ ಎಂದೋ ಮುಗಿದು ತೀರ್ಪು ಮಾತ್ರ ಉಳಿದಿತ್ತು. ವಾದ ಪ್ರತಿವಾದಗಳು ನಮ್ಮ ಕಿವಿಗೆ ಬೀಳಲೇ ಇಲ್ಲ.

ಆದರೂ ಆ ತೀರ್ಪನ್ನು ಇಂಗ್ಲಿಷ್ ಭಾಷೆ ಪೂರ್ತಿಯಾಗಿ ಪಾಲಿಸಿಲ್ಲ. ಜಾನ್ಸನ್ ಜರೆದ ‘ಲೆಸ್ಸರ್’ ಇಂದು ಶಿಷ್ಟ ಪದ. ನಮ್ಮ ಕೆರೆಗಳಲ್ಲಿ ಕಾಣುವ ಶಿಳ್ಳೆಬಾತುಕೋಳಿಯ ಅಧಿಕೃತ ಇಂಗ್ಲಿಷ್ ಹೆಸರಿನಲ್ಲಿಯೇ ಅದು ಕುಳಿತಿದೆ. ‘ನಿಯರ್’ ಎಂಬುದು ಮೂಲದಲ್ಲಿ ‘ನೈ’ ಎಂಬ ಪದದ ಹೋಲಿಕೆಯ ರೂಪ, ಅಂದರೆ ‘ಇನ್ನೂ ಹತ್ತಿರ’ ಎಂದು ಅದರ ಅರ್ಥವಾಗಿತ್ತು. ಆ ಅರ್ಥ ಮಾಸಿದ ಮೇಲೆ ಜನ ಅದಕ್ಕೆ ಮತ್ತೊಂದು ‘ಅರ್’ ಸೇರಿಸಿ ‘ನಿಯರರ್’ ಮಾಡಿಕೊಂಡರು. ‘ಫೋರ್‌ಮೋಸ್ಟ್’ ಎಂಬುದರ ಹಿಂದಿರುವ ‘ಫೊರ್ಮ’ ಎಂಬ ಹಳೆಯ ಪದಕ್ಕೆ ತಾನೇ ‘ಎಲ್ಲಕ್ಕಿಂತ ಮೊದಲು’ ಎಂಬ ಅರ್ಥವಿತ್ತು. ಅದರ ಮೇಲೆ ಇನ್ನೊಂದು ಅತಿಶಯದ ಪ್ರತ್ಯಯ ಬಿದ್ದಿದೆ. ಇವೆಲ್ಲ ‘ಮೋರ್ ಬೆಟರ್’ ಎಂಬುದರ ಒಡಹುಟ್ಟುಗಳೇ. ವ್ಯತ್ಯಾಸ ಇಷ್ಟೇ: ಇವು ವೈಯಾಕರಣರು ಬಾಗಿಲು ಹಾಕುವ ಮೊದಲೇ ಮನೆಯೊಳಗೆ ಬಂದು ಕುಳಿತಿದ್ದವು.

ನಮ್ಮ ಮನೆಯೊಳಗೂ ನೋಡಬೇಕು. ಪಾಣಿನಿಯ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬನನ್ನು ಮೇಲು ಎನ್ನುವುದಕ್ಕೆ ‘ತರ’ ಮತ್ತು ‘ಈಯಸ್’ ಎಂಬ ಪ್ರತ್ಯಯಗಳಿವೆ. ಅನೇಕರಲ್ಲಿ ಒಬ್ಬನನ್ನು ಎತ್ತಿ ಹೇಳುವುದಕ್ಕೆ ‘ತಮ’ ಮತ್ತು ‘ಇಷ್ಠ’ ಇವೆ. ‘ಉತ್ತಮ’ ಎಂಬುದು ‘ಉದ್’ ಎಂಬುದಕ್ಕೆ ‘ತಮ’ ಸೇರಿ ಆದ ಪದ. ಎಲ್ಲಕ್ಕಿಂತ ಮೇಲಿನದು ಎಂದು ಅದರ ಅರ್ಥ. ‘ಶ್ರೇಷ್ಠ’ದಲ್ಲಿ ‘ಇಷ್ಠ’ ಇದೆ, ಮೇಲಾಗಿ ಅದರ ಮೂಲಪದ ‘ಪ್ರಶಸ್ಯ’ವು ಗುರುತೇ ಸಿಗದ ಹಾಗೆ ಬದಲಾಗಿದೆ, ‘ಗುಡ್’ ಹೋಗಿ ‘ಬೆಸ್ಟ್’ ಆದಂತೆಯೇ. ಕನ್ನಡಕ್ಕೆ ಬಂದ ಮೇಲೆ ಈ ಎರಡೂ ಪದಗಳ ಅತಿಶಯ ಅಳಿಸಿಹೋಯಿತು. ‘ಅದಕ್ಕಿಂತ ಇದು ಉತ್ತಮ’ ಎಂದು ಯಾವ ಅಳುಕೂ ಇಲ್ಲದೆ ಬರೆಯುತ್ತೇವೆ. ಶಾಲೆಯ ಪ್ರಗತಿಪತ್ರದಲ್ಲಿ ‘ಉತ್ತಮ’ದ ಮೇಲೆ ‘ಅತ್ಯುತ್ತಮ’ ಎಂಬ ಇನ್ನೊಂದು ಮೆಟ್ಟಿಲು ಕಟ್ಟಿದ್ದೇವೆ. ಸಾಲದ್ದಕ್ಕೆ ‘ಸರ್ವಶ್ರೇಷ್ಠ’ ಇದೆ, ‘ಉತ್ತಮೋತ್ತಮ’ ಇದೆ. ಇಂಗ್ಲಿಷಿನ ಮಟ್ಟಿಗೆ ಹೇಳುವುದಾದರೆ ಇವೆಲ್ಲ ‘ಮೋರ್ ಬೆಸ್ಟ್’ ಜಾತಿಯ ಪ್ರಯೋಗಗಳು. ಆದರೂ ಯಾವ ಕನ್ನಡ ಪಂಡಿತರೂ ಇವುಗಳಿಗೆ ಅಂಕ ಕಳೆದದ್ದನ್ನು ನಾನು ಕಂಡಿಲ್ಲ.

ಇದು ಸಂಸ್ಕೃತ ತಿಳಿಯದ ಕನ್ನಡಿಗರ ಎಡವಟ್ಟು ಎನ್ನುವವರು ತೈತ್ತಿರೀಯ ಸಂಹಿತೆಯ ಮೊತ್ತಮೊದಲ ಮಂತ್ರವನ್ನು ನೆನಪಿಸಿಕೊಳ್ಳಬೇಕು. ‘ದೇವೋ ವಃ ಸವಿತಾ ಪ್ರಾರ್ಪಯತು ಶ್ರೇಷ್ಠತಮಾಯ ಕರ್ಮಣೇ’ ಎಂದು ಅಲ್ಲಿ ಬರುತ್ತದೆ. ‘ಇಷ್ಠ’ದ ಮೇಲೆ ‘ತಮ’; ಅತಿಶಯದ ಮೇಲೆ ಅತಿಶಯ. ನಮ್ಮ ಸೀಮೆಯಲ್ಲಿ ವೇದಪಾಠಕ್ಕೆ ಕುಳಿತ ಹುಡುಗನ ಬಾಯಲ್ಲಿ ಮೊದಲಿಗೆ ಹೊರಳುವ ಇಮ್ಮಡಿ ಅತಿಶಯ ಇದೇ ಇದ್ದೀತು. ಪಾಣಿನಿಗೆ ವೃತ್ತಿ ಬರೆದ ಕಾಶಿಕಾಕಾರರು ಇದನ್ನು ಗಮನಿಸಿ, ಆಗಲೇ ಮೇಲಾದವರ ನಡುವೆ ಮತ್ತೆ ಒಬ್ಬನ ಮೇಲ್ಮೆಯನ್ನು ಹೇಳಬೇಕಾದಾಗ ಇನ್ನೊಂದು ಪ್ರತ್ಯಯ ಬರಬಹುದು ಎಂದು ಸಮಾಧಾನ ಹೇಳಿದ್ದಾರೆ. ಪ್ರಯೋಗವನ್ನು ತಪ್ಪೆಂದು ಹೊಡೆದುಹಾಕುವ ಬದಲು ಅದರ ವಿವಕ್ಷೆ ಏನೆಂದು ಹುಡುಕುವ ಈ ರೀತಿ ನನಗೆ ಲೌತನ ರೀತಿಗಿಂತ ಹಿಡಿಸುತ್ತದೆ.

ಹಾಗೆಂದು ತರಗತಿಯಲ್ಲಿ ‘ಮೋರ್ ಬೆಟರ್’ ಬರೆದವರನ್ನು ಬೆನ್ನು ತಟ್ಟಿ ಕಳಿಸುವಂತಿಲ್ಲ. ದೋಷ ಹುಡುಕುವ ಪ್ರಶ್ನೆಗಳಲ್ಲಿ ಇದು ಪದೇಪದೇ ಬರುತ್ತದೆ, ಉತ್ತರ ಒಂದೇ ಇರುತ್ತದೆ. ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ಅದು ತಪ್ಪು, ಅಷ್ಟೇ. ಆದರೆ ತಪ್ಪೆಂದು ಹೊಡೆದ ಜಾಗದಲ್ಲಿ ಏನನ್ನಾದರೂ ಕೊಡಬೇಕು, ಏಕೆಂದರೆ ‘ಇನ್ನೂ ಒಳ್ಳೆಯದು’ ಎಂದು ಹೇಳುವ ಅಗತ್ಯ ಆ ವಿದ್ಯಾರ್ಥಿಗೆ ನಿಜವಾಗಿಯೂ ಇದೆ. ಆ ಅಗತ್ಯಕ್ಕೆ ಇಂಗ್ಲಿಷ್ ಇಟ್ಟಿರುವ ಪದಗಳು ಬೇರೆ: ‘ಮಚ್ ಬೆಟರ್’, ‘ಫಾರ್ ಬೆಟರ್’, ‘ಈವನ್ ಬೆಟರ್’, ‘ಸ್ಟಿಲ್ ಬೆಟರ್’. ‘ಬಹಳ ಮೇಲು’ ಎನ್ನುವಲ್ಲಿ ‘ಮಚ್’ ಅಥವಾ ‘ಫಾರ್’, ‘ಇನ್ನೂ ಮೇಲು’ ಎನ್ನುವಲ್ಲಿ ‘ಈವನ್’ ಅಥವಾ ‘ಸ್ಟಿಲ್’ ಎಂದು ಒಮ್ಮೆ ತಿಳಿದರೆ ‘ಮೋರ್’ ತಾನಾಗಿಯೇ ಹಿಂದೆ ಸರಿಯುತ್ತದೆ. ‘ವೆರಿ ಬೆಟರ್’ ಮಾತ್ರ ಎಲ್ಲಿಯೂ ಸಲ್ಲುವುದಿಲ್ಲ. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಎಂಬ ಪದಗಳು ಲ್ಯಾಟಿನ್ನಿನ ಹೋಲಿಕೆಯ ರೂಪಗಳಾಗಿದ್ದು ‘ದ್ಯಾನ್’ ಬದಲು ‘ಟು’ ಕೇಳುತ್ತವೆ ಎಂಬುದನ್ನು ಇದೇ ಪಾಠದಲ್ಲಿ ಹೇಳಿ ಮುಗಿಸುತ್ತೇನೆ. ಅದಕ್ಕೆ ಹೆಚ್ಚು ಹೊತ್ತು ಬೇಡ.

ಹೊತ್ತು ಕೊಡಬೇಕಾದದ್ದು ಎರಡನೆಯ ಬಗೆಯ ಇಮ್ಮಡಿ ಹೋಲಿಕೆಗೆ. ‘ದಿ ಮೋರ್, ದಿ ಮೆರಿಯರ್’ ಎಂಬ ಗಾದೆ 1546ರಲ್ಲಿ ಜಾನ್ ಹೇವುಡ್ ಮಾಡಿದ ಗಾದೆಗಳ ಸಂಗ್ರಹದಲ್ಲಿಯೇ ಸಿಗುತ್ತದೆ. ನಮ್ಮಲ್ಲಿ ಬಹಳ ಮಂದಿ ನೆಚ್ಚಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಇದನ್ನು ‘ದಿ’ ಎಂಬ ಆರ್ಟಿಕಲ್‌ನ ಉಪಯೋಗಗಳ ಪಟ್ಟಿಯಲ್ಲಿ ಒಂದು ಬಾಬತ್ತಾಗಿ ಸೇರಿಸಿದೆ. ಅಲ್ಲಿ ಅದು ಕ್ರಿಯಾವಿಶೇಷಣದಂತೆ ಬರುತ್ತದೆ ಎಂದು ಹೇಳಿದೆಯಾದರೂ, ಓದುವವರು ಆರ್ಟಿಕಲ್ ಎಂದೇ ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಡಿಗ್ರೀಸ್ ಆಫ್ ಕಂಪ್ಯಾರಿಸನ್ ಪಾಠಕ್ಕೆ ಬಂದಾಗ, ‘ನೋ ಅದರ್’, ‘ವೆರಿ ಫ್ಯೂ’ ಎಂದು ಒಂದು ವಾಕ್ಯವನ್ನು ಮೂರು ರೂಪಗಳಿಗೆ ತಿರುಗಿಸುವ ಕಸರತ್ತೇ ಮುಖ್ಯವಾಗಿ, ಜೀವಂತ ಇಂಗ್ಲಿಷಿನಲ್ಲಿ ದಿನಬೆಳಗಾದರೆ ಕೇಳಿಬರುವ ಈ ರಚನೆ ಮೂಲೆಗೆ ಬೀಳುತ್ತದೆ. ಆ ಕಸರತ್ತಿನ ಬಗ್ಗೆ ನನಗೆ ಗೌರವ ಕಡಿಮೆ. ‘ವೆರಿ ಫ್ಯೂ ಸಿಟೀಸ್ ಆರ್ ಆ್ಯಸ್ ಬಿಗ್ ಆ್ಯಸ್’ ಎಂದು ಪರೀಕ್ಷೆಯ ಹೊರಗೆ ಮಾತನಾಡಿದವರು ನನಗೆ ಸಿಕ್ಕಿಲ್ಲ.

ನಿಜದಲ್ಲಿ ಈ ‘ದಿ’ ಆರ್ಟಿಕಲ್ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಅದು’ ಎಂಬ ಅರ್ಥದ ಸರ್ವನಾಮಕ್ಕೆ ವಿಭಕ್ತಿಗಳಿದ್ದವು. ಅದರ ತೃತೀಯಾ ವಿಭಕ್ತಿಯ ರೂಪವೇ ಸವೆದು ಸವೆದು ಈ ‘ದಿ’ ಆಗಿ ಉಳಿದಿದೆ. ‘ಅಷ್ಟರಿಂದ’, ‘ಅಷ್ಟರ ಮಟ್ಟಿಗೆ’ ಎಂದು ಅದರ ಅರ್ಥ. ‘ನನ್‌ದಿಲೆಸ್’, ‘ನೆವರ್‌ದಿಲೆಸ್’ ಎಂಬ ಪದಗಳ ಹೊಟ್ಟೆಯಲ್ಲಿ ಅಡಗಿರುವುದೂ ಇದೇ. ವಿಭಕ್ತಿಗಳನ್ನು ಕಳೆದುಕೊಂಡ ಇಂಗ್ಲಿಷಿನಲ್ಲಿ ತೃತೀಯೆಯೊಂದು ವೇಷ ಮರೆಸಿಕೊಂಡು ಬದುಕಿರುವುದನ್ನು, ಏಳು ವಿಭಕ್ತಿ ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಹೇಳಿದರೆ ಅವರಿಗೆ ಅದು ಅರ್ಥವಾಗುತ್ತದೆ, ಸ್ವಲ್ಪ ಖುಷಿಯೂ ಆಗುತ್ತದೆ. ಎಷ್ಟರ ಮಟ್ಟಿಗೆ ಬೇಗ, ಅಷ್ಟರ ಮಟ್ಟಿಗೆ ಒಳ್ಳೆಯದು ಎಂದು ಬಿಡಿಸಿದಾಗ ‘ದಿ ಸೂನರ್, ದಿ ಬೆಟರ್’ ಎಂಬುದರಲ್ಲಿ ಒಗಟು ಉಳಿಯುವುದಿಲ್ಲ. ಸಂಸ್ಕೃತ ಓದಿದವರಿಗೆ ‘ಯಥಾ ಯಥಾ, ತಥಾ ತಥಾ’ ನೆನಪಾಗುತ್ತದೆ.

ಕನ್ನಡದಲ್ಲಿ ಇದೇ ಕೆಲಸವನ್ನು ‘ಅಷ್ಟೂ’ ಮಾಡುತ್ತದೆ, ಅದರ ಕೊನೆಯ ದೀರ್ಘದಲ್ಲಿಯೇ ಎಲ್ಲ ಇದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬಲ್ಲಿ ಹ್ರಸ್ವವಿದೆ. ಹಾಸಿಗೆಯ ಅಳತೆಗೆ ಕಾಲಿನ ಅಳತೆ ಸಮ. ‘ಓದಿದಷ್ಟೂ ತಿಳಿಯುತ್ತದೆ’ ಎಂಬಲ್ಲಿ ದೀರ್ಘವಿದೆ. ಓದು ಬೆಳೆದ ಹಾಗೆ ತಿಳಿವಳಿಕೆ ಬೆಳೆಯುತ್ತದೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಆ್ಯಸ್ ಮಚ್ ಆ್ಯಸ್’, ಎರಡನೆಯದಕ್ಕೆ ‘ದಿ ಮೋರ್, ದಿ ಮೋರ್’. ಒಂದು ಸ್ವರದ ಉದ್ದದಲ್ಲಿ ಕನ್ನಡ ಹಿಡಿದಿಡುವ ಭೇದಕ್ಕೆ ಇಂಗ್ಲಿಷಿಗೆ ಎರಡು ಬೇರೆ ವಾಕ್ಯರಚನೆಗಳು ಬೇಕಾಗಿವೆ. ವಿದ್ಯಾರ್ಥಿಗಳು ಈ ಭೇದವನ್ನು ಕನ್ನಡದಲ್ಲಿ ಎಂದೂ ತಪ್ಪುವುದಿಲ್ಲ; ಆದ್ದರಿಂದ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ಮೀನುಪೇಟೆಯಲ್ಲಿ ತಾಯಿ ವ್ಯಾಪಾರ ಮಾಡುವ ಹುಡುಗಿಯೊಬ್ಬಳು ಈ ಪಾಠದ ದಿನ ಕೊಟ್ಟ ವಾಕ್ಯ ನನಗೆ ಬಹಳ ಉಪಯೋಗಕ್ಕೆ ಬಂದಿದೆ. “ಬಂಗಡೆ ಜಾಸ್ತಿ ಬಿದ್ದಷ್ಟೂ ದರ ಇಳೀತದೆ, ಸರ್” ಎಂದಳು. ಇಂಗ್ಲಿಷಿನಲ್ಲಿ ಬರೆಯಲು ಹೇಳಿದಾಗ ಅವಳು ಬರೆದದ್ದು: ‘ದಿ ಮೋರ್ ದೇ ಕ್ಯಾಚ್ ಮ್ಯಾಕರೆಲ್, ದಿ ಪ್ರೈಸ್ ಈಸ್ ಮೋರ್ ಲೋಅರ್.’ ಈ ಒಂದು ವಾಕ್ಯದಲ್ಲಿ ರಚನೆಯ ಕಷ್ಟಗಳೆಲ್ಲ ಕೂಡಿವೆ. ಮೊದಲ ಭಾಗದಲ್ಲಿ ‘ಮೋರ್’ ಯಾವುದನ್ನು ಅಳೆಯುತ್ತದೆಯೋ ಆ ನಾಮಪದ ಅದರ ಬೆನ್ನಿಗೇ ಬರಬೇಕು: ‘ದಿ ಮೋರ್ ಮ್ಯಾಕರೆಲ್ ದೇ ಕ್ಯಾಚ್’. ಮೀನನ್ನು ವಾಕ್ಯದ ಕೊನೆಗೆ ಬಿಟ್ಟು ‘ಮೋರ್’ ಒಂದನ್ನೇ ಮುಂದಕ್ಕೆ ಎಳೆದರೆ, ಹೆಚ್ಚುವುದು ಬಂಗಡೆಯೋ ಹಿಡಿಯುವ ಕೆಲಸವೋ ಎಂಬುದು ಅಸ್ಪಷ್ಟವಾಗುತ್ತದೆ. ಗುಣವಾಚಕಕ್ಕೂ ಇದೇ ಮಾತು; ‘ದಿ ಮೋರ್ ಯು ಆರ್ ಟೈರ್ಡ್’ ಎನ್ನದೆ ‘ದಿ ಮೋರ್ ಟೈರ್ಡ್ ಯು ಆರ್’ ಎನ್ನಬೇಕು. ಎರಡನೆಯ ಭಾಗದಲ್ಲಿ ಹೋಲಿಕೆಯ ಪದವೇ ಮುಂದೆ ನಿಲ್ಲಬೇಕು, ಅದರ ಹಿಂದೆ ಕರ್ತೃಪದ: ‘ದಿ ಲೋಅರ್ ದಿ ಪ್ರೈಸ್ ಫಾಲ್ಸ್’. ‘ಲೋಅರ್’ ತಾನೇ ಹೋಲಿಕೆಯಾದ್ದರಿಂದ ಅಲ್ಲಿ ‘ಮೋರ್’ ಇರಕೂಡದು. ಈ ಬರಹದ ಎರಡು ವಿಷಯಗಳು ಒಂದನ್ನೊಂದು ಸಂಧಿಸುವುದು ಇಲ್ಲಿಯೇ. ‘ದಿ ಮೋರ್ ಐ ಪ್ರ್ಯಾಕ್ಟೀಸ್, ದಿ ಮೋರ್ ಬೆಟರ್ ಐ ಬಿಕಮ್’ ಎಂಬ ವಾಕ್ಯವನ್ನು ನಾನು ತಿದ್ದುತ್ತಲೇ ಇರುತ್ತೇನೆ. ಮುಂದಿನ ‘ಮೋರ್’ ಹಿಂದಿನದರ ಪ್ರತಿಧ್ವನಿಯಾಗಿ ಬಂದುಬಿಡುತ್ತದೆ. ಎರಡೂ ಕಡೆ ತೂಕ ಸಮನಾಗಿರಬೇಕೆಂದು ಕಿವಿ ಬಯಸುತ್ತದೆ.

ಕ್ರಿಯಾಪದದ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ‘ದೋಣಿ ದೊಡ್ಡದಾದಷ್ಟೂ ಡೀಸೆಲ್ ಖರ್ಚು ಹೆಚ್ಚು’ ಎಂಬ ವಾಕ್ಯದ ಕೊನೆಯಲ್ಲಿ ‘ಇದೆ’ಎಂದಾಗಲಿ ‘ಆಗಿದೆ’ ಎಂದಾಗಲಿ ನಾವು ಹೇಳುವುದಿಲ್ಲ. ಇಂಗ್ಲಿಷ್ ಸಾಮಾನ್ಯವಾಗಿ ‘ಈಸ್’ ಇಲ್ಲದೆ ವಾಕ್ಯ ಮುಗಿಸಲು ಬಿಡದ ಭಾಷೆ. ಆದರೆ ಈ ರಚನೆಯಲ್ಲಿ ಮಾತ್ರ ಅದು ತನ್ನ ಹಟ ಬಿಡುತ್ತದೆ: ‘ದಿ ಬಿಗರ್ ದಿ ಬೋಟ್, ದಿ ಹೈಯರ್ ದಿ ಡೀಸೆಲ್ ಬಿಲ್.’ ಎರಡು ಕಡೆಯೂ ಕ್ರಿಯಾಪದವಿಲ್ಲ, ಆದರೂ ವಾಕ್ಯ ಪೂರ್ಣ. ಬೇರೆಲ್ಲ ಕಡೆ ‘ಈಸ್’ ಬಿಟ್ಟಿದ್ದಕ್ಕೆ ಬೈಸಿಕೊಂಡ ವಿದ್ಯಾರ್ಥಿಗೆ ಇಲ್ಲಿ ಬಿಡಬಹುದು ಎಂದಾಗ ನಂಬಿಕೆ ಬರುವುದಿಲ್ಲ. ಕರ್ತೃಪದ ಸರ್ವನಾಮವಾಗಿದ್ದರೆ ಈ ಸಲುಗೆ ಇಲ್ಲ. ‘ದಿ ಬಿಗರ್ ಇಟ್’ ಎಂದು ನಿಲ್ಲಿಸುವಂತಿಲ್ಲ, ‘ದಿ ಬಿಗರ್ ಇಟ್ ಈಸ್’ ಎನ್ನಲೇಬೇಕು.

ಎರಡು ಭಾಗಗಳು ನೋಡಲು ಸರಿಸಮಾನವಾಗಿ ಕಂಡರೂ ಒಳಗೆ ಒಂದು ಅಧೀನ, ಒಂದು ಪ್ರಧಾನ. 1999ರಲ್ಲಿ ಪೀಟರ್ ಕುಲಿಕೋವರ್ ಮತ್ತು ರೇ ಜಾಕೆಂಡಾಫ್ ಎಂಬ ಭಾಷಾವಿಜ್ಞಾನಿಗಳು ಈ ರಚನೆಯ ಮೇಲೆಯೇ ಒಂದು ದೀರ್ಘ ಲೇಖನ ಬರೆದು, ಹೊರರೂಪ ಹೇಳುವುದೊಂದು, ಅರ್ಥ ನಡೆದುಕೊಳ್ಳುವುದೊಂದು ಎಂದು ತೋರಿಸಿದರು. ತರಗತಿಯಲ್ಲಿ ಇದನ್ನು ಪರೀಕ್ಷಿಸಲು ಸುಲಭವಾದ ದಾರಿ ‘ವಿಲ್’. ‘ಮುಂದೆ ಹಾಕಿದಷ್ಟೂ ಕಷ್ಟವಾಗುತ್ತದೆ’ ಎಂಬುದಕ್ಕೆ ‘ದಿ ಲಾಂಗರ್ ಯು ವೇಟ್, ದಿ ಹಾರ್ಡರ್ ಇಟ್ ವಿಲ್ ಬಿ’ ಎನ್ನುತ್ತಾರೆ. ಮೊದಲ ಭಾಗಕ್ಕೆ ‘ವಿಲ್’ ಹಾಕುವುದಿಲ್ಲ. ‘ಇಫ್’ ಇರುವ ವಾಕ್ಯದ ನಡತೆಯೂ ಇದೇ. ಕನ್ನಡದಲ್ಲಿಯಂತೂ ಈ ಸಂಗತಿ ಮುಚ್ಚಿಟ್ಟದ್ದಲ್ಲ: ‘ಹಾಕಿದಷ್ಟೂ’ ಎಂಬುದು ಕೃದಂತ, ಅದು ಎಂದಿಗೂ ಸ್ವತಂತ್ರ ವಾಕ್ಯವಾಗಲಾರದು, ‘ಕಷ್ಟವಾಗುತ್ತದೆ’ ಎಂಬುದೇ ಪ್ರಧಾನ ಕ್ರಿಯೆ. ‘ಅಷ್ಟೂ’ ಅಂಟಿದ ಕಡೆ ‘ವಿಲ್’ ಹಾಕಬೇಡಿ ಎಂದರೆ ಸಾಕು, ಬೇರೆ ಸೂತ್ರ ಬೇಡ.

‘ಬೆಟರ್ ಆ್ಯಂಡ್ ಬೆಟರ್’, ‘ಮೋರ್ ಆ್ಯಂಡ್ ಮೋರ್’ ಎಂಬ ಮೂರನೆಯ ಜೋಡಿಯನ್ನೂ ಕೆಲವು ಪುಸ್ತಕಗಳು ಇದೇ ಹೆಸರಿನ ಕೆಳಗೆ ಸೇರಿಸುತ್ತವೆ. ಅದು ದಿನದಿಂದ ದಿನಕ್ಕೆ ಆಗುವ ಏರಿಕೆಯನ್ನು ಹೇಳುತ್ತದೆ. ‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆ ತಿಳಿದವರಿಗೆ ಪುನರುಕ್ತಿಯಿಂದ ಏರಿಕೆ ಹೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಕಲಿಸಬೇಕಾದದ್ದು, ಈಚೆಗೆ ನೋಡಿದರೆ, ಕನ್ನಡ ಬರೆಯುವವರಿಗೆ. ಇಂಗ್ಲಿಷಿನಿಂದ ಇಳಿಸಿದ ಜಾಹೀರಾತುಗಳಲ್ಲಿ, ಸೂಚನೆಗಳಲ್ಲಿ ‘ಹೆಚ್ಚು ಉತ್ತಮವಾದ ಸೇವೆ’, ‘ಹೆಚ್ಚು ದೊಡ್ಡ ಪರದೆ’ ಎಂಬ ಮಾತುಗಳು ತುಂಬಿವೆ. ಯಾವುದಕ್ಕಿಂತ ಎಂಬುದು ಅಲ್ಲಿ ಇರುವುದಿಲ್ಲ. ‘ಗಿಂತ’ ಇಲ್ಲದ ಹೋಲಿಕೆಯನ್ನು ಕನ್ನಡ ಅರಗಿಸಿಕೊಳ್ಳುವುದು ಕಷ್ಟ. ‘ನೀವು ಎಷ್ಟು ಹೆಚ್ಚು ಉಳಿಸುತ್ತೀರೋ ಅಷ್ಟು ಹೆಚ್ಚು ಗಳಿಸುತ್ತೀರಿ’ ಎಂಬುದು ವ್ಯಾಕರಣದ ಪ್ರಕಾರ ತಪ್ಪಲ್ಲ, ಆದರೆ ‘ಉಳಿಸಿದಷ್ಟೂ ಗಳಿಕೆ’ ಎನ್ನಲು ಬಲ್ಲ ಭಾಷೆಗೆ ಇಷ್ಟು ಪದಗಳ ಹೊರೆ ಯಾಕೆ ಎಂದು ಕೇಳಬೇಕಾಗುತ್ತದೆ. ‘ಮೋರ್ ಬೆಟರ್’ ಎಂದ ಹುಡುಗ ತನ್ನ ಭಾಷೆಯ ಜಾಡಿನಲ್ಲಿ ನಡೆದು ಇನ್ನೊಂದು ಭಾಷೆಯಲ್ಲಿ ಎಡವಿದ. ಈ ಬರಹಗಾರರು ಇನ್ನೊಂದು ಭಾಷೆಯ ಜಾಡು ಹಿಡಿದು ತಮ್ಮ ಭಾಷೆಯಲ್ಲಿಯೇ ಎಡವುತ್ತಿದ್ದಾರೆ. ನನಗೆ ಮೊದಲನೆಯವನ ಮೇಲೆ ಕನಿಕರ ಹೆಚ್ಚು.

ತರಗತಿಯಲ್ಲಿ ಈಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಇಂಗ್ಲಿಷ್ ವಾಕ್ಯ ಬರೆಯುವ ಮೊದಲು ಅದನ್ನು ಮನೆಮಾತಿನಲ್ಲಿ ಹೇಳಿಕೊಳ್ಳಬೇಕು. ಅದರಲ್ಲಿ ‘ಗಿಂತ’ ಬಂದರೆ ಒಂದೇ ಹೋಲಿಕೆ, ಒಂದೇ ಗುರುತು. ‘ಅಷ್ಟೂ’ ಬಂದರೆ ಎರಡು ‘ದಿ’, ಒಂದೊಂದಕ್ಕೂ ಒಂದೊಂದೇ ಗುರುತು. ಎರಡೂ ಬರದಿದ್ದರೆ ಹೋಲಿಕೆಯ ರೂಪವನ್ನೇ ಮುಟ್ಟಬಾರದು. ಕ್ರಮ ಬಹುಮಟ್ಟಿಗೆ ನಡೆಯುತ್ತದೆ. ಆದರೆ ಮಾಜಾಳಿಯ ಹುಡುಗನೊಬ್ಬ “ಸರ್, ‘ಮಳೆಗಾಲಕ್ಕಿಂತ ಮೊದಲು’ ಅಂದ್ರೆ ‘ಅರ್ಲಿಯರ್ ದ್ಯಾನ್’ ಹಾಕ್ಬೇಕಾ?” ಎಂದು ಕೇಳಿ ಅದರ ತೂತನ್ನು ತೋರಿಸಿದ. ಅಲ್ಲಿ ‘ಗಿಂತ’ ಇದೆ, ಇಂಗ್ಲಿಷಿಗೆ ಬೇಕಾದದ್ದು ಮಾತ್ರ ಬರಿಯ ‘ಬಿಫೋರ್’. ‘ಅದಕ್ಕಿಂತ ಬೇರೆ’ ಎಂಬುದೂ ಹಾಗೆಯೇ; ಅದಕ್ಕೆ ‘ಡಿಫರೆಂಟ್ ಫ್ರಮ್’ ಸಾಕು. ‘ಗಿಂತ’ ಇದ್ದೂ ಹೋಲಿಕೆಯ ರೂಪ ಬೇಡದ ಇಂಥ ಪ್ರಯೋಗಗಳನ್ನು ಅವನಿಂದಲೇ ಪಟ್ಟಿ ಮಾಡಿಸುತ್ತಿದ್ದೇನೆ. ‘ಮೊದಲು’, ‘ಮುಂಚೆ’, ‘ಬೇರೆ’ ಎಂಬ ಮೂರು ಪದಗಳ ಆಚೆಗೆ ಆ ಪಟ್ಟಿ ಇನ್ನೂ ಬೆಳೆದಿಲ್ಲ.